ಭೀಮಾತೀರದ ಮಿಂಚುಳ್ಳಿ: ವಲಸೆಯೇ, ನೆಲೆಯೇ?

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಇತಿಹಾಸವನ್ನು ಬಹಮನಿ ಸುಲ್ತಾನರ ಕೋಟೆಗಳಿಂದಲೋ, ಆಳಂದದ ಲಾಡ್ಲೆ ಮಶಾಯಕರ ದರ್ಗಾದಿಂದಲೋ, ಗಾಣಗಾಪುರದ ದತ್ತ ಪರಂಪರೆಯಿಂದಲೋ ಆರಂಭಿಸುವುದು ರೂಢಿ. ಆದರೆ ಈ ಮೂರೂ ತಾಲ್ಲೂಕುಗಳ ಬದುಕನ್ನು ನಿಜವಾಗಿ ಆಳಿದ್ದು ನೀರು. ಅದು ಬಂದ ವರ್ಷ ಊರು ತುಂಬಿತು, ಬಾರದ ವರ್ಷ ಊರು ಗುಳೆ ಹೋಯಿತು. ಮನುಷ್ಯರಿಗೆ ಅನ್ವಯಿಸುವ ಈ ನಿಯಮ ಇಲ್ಲಿನ ಹಕ್ಕಿಗಳಿಗೂ ಅನ್ವಯಿಸುತ್ತದೆ ಎಂಬುದನ್ನು ಮಿಂಚುಳ್ಳಿಯಷ್ಟು ಸ್ಪಷ್ಟವಾಗಿ ತೋರಿಸುವ ಜೀವಿ ಮತ್ತೊಂದಿಲ್ಲ. ಮಿಂಚುಳ್ಳಿ ವರ್ಷವಿಡೀ ಒಂದೇ ಕಡೆ ಇರುವ ಹಕ್ಕಿಯೇ, ಅಥವಾ ಋತು ಬದಲಾದಂತೆ ದೂರದ ನಾಡಿಗೆ ಹಾರಿಹೋಗುವ ಹಕ್ಕಿಯೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಜೀವಶಾಸ್ತ್ರದ್ದು. ಭೀಮಾ ಕಣಿವೆಯಲ್ಲಿ ಅದಕ್ಕೆ ಉತ್ತರ ಹುಡುಕಹೊರಟರೆ ಅದು ಮಡು, ಬಾವಿ, ಕೆರೆ, ಅಣೆಕಟ್ಟು ಮತ್ತು ಕಾಲುವೆಗಳ ಇತಿಹಾಸವಾಗಿ ಬಿಚ್ಚಿಕೊಳ್ಳುತ್ತದೆ.

ಈ ಚರ್ಚೆಗೆ ಮೂರು ಪದಗಳ ಅರ್ಥ ಮೊದಲೇ ನಿಶ್ಚಿತವಾಗಬೇಕು. ಮರಿ ಮಾಡುವ ನಾಡು ಒಂದು, ಚಳಿಗಾಲ ಕಳೆಯುವ ನಾಡು ಇನ್ನೊಂದು ಆಗಿದ್ದು, ಇವೆರಡರ ನಡುವೆ ಪ್ರತಿವರ್ಷ ನಿಯತ ಕಾಲದಲ್ಲಿ ಹೋಗಿಬರುವುದಕ್ಕೆ ವಲಸೆ ಎನ್ನುತ್ತಾರೆ. ಒಂದೇ ಸೀಮೆಯಲ್ಲಿ ಹುಟ್ಟಿ, ಬೆಳೆದು, ಗೂಡು ಕಟ್ಟಿ, ಅಲ್ಲಿಯೇ ಸಾಯುವ ಹಕ್ಕಿ ಸ್ಥಾಯಿ ಹಕ್ಕಿ. ಇವೆರಡರ ನಡುವೆ ಸ್ಥಳೀಯ ಚಲನೆ ಎಂಬ ಮೂರನೆಯ ಬಗೆಯೊಂದಿದೆ. ಸೀಮೆಯನ್ನು ಬಿಡದೆ, ನೀರು, ಆಹಾರ ಮತ್ತು ಗೂಡಿನ ಜಾಗವನ್ನು ಅನುಸರಿಸಿ ಹಳ್ಳದಿಂದ ನದಿಗೆ, ನದಿಯಿಂದ ಕೆರೆಗೆ ಸ್ಥಳ ಬದಲಿಸುವುದೇ ಈ ಚಲನೆ. ಮಿಂಚುಳ್ಳಿಯ ವಿಷಯದಲ್ಲಿ ಉಂಟಾಗಿರುವ ಗೊಂದಲವೆಲ್ಲ ಈ ಮೂರನೆಯ ಬಗೆಯನ್ನು ಮರೆತದ್ದರ ಫಲ.

ಮೂರೂ ತಾಲ್ಲೂಕುಗಳ ನೆಲವನ್ನು ಬೆಸೆಯುವುದು ಭೀಮಾ ನದಿ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದ ಬಳಿ ಚಂದ್ರಭಾಗಾ ಎನಿಸಿಕೊಂಡು, ಸುಮಾರು 861 ಕಿಲೋಮೀಟರ್ ಹರಿದು ರಾಯಚೂರಿನ ಸಮೀಪ ಕೃಷ್ಣೆಯನ್ನು ಸೇರುವ ಈ ನದಿಯು ಅಫಜಲಪುರ ತಾಲ್ಲೂಕಿನ ಅಂಚಿನಲ್ಲಿ ಸಾಗಿ, ಮುಂದೆ ಜೇವರ್ಗಿಗೂ ಕಲಬುರಗಿಗೂ ನಡುವಿನ ಗಡಿಯಾಗುತ್ತದೆ. ಆಳಂದಕ್ಕೆ ಭೀಮೆಯ ದಡವಿಲ್ಲ. ಅದರ ಪಾಲಿಗೆ ಬಂದದ್ದು ಅಲ್ಲಿಯೇ ಹುಟ್ಟಿ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುವ ಅಮರ್ಜಾ. ವರ್ಷಕ್ಕೆ ಸರಾಸರಿ 750 ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಮುಗಿದುಹೋಗುವುದರಿಂದ, ತೊಗರಿ ಮತ್ತು ಬಿಳಿಜೋಳ ಬೆಳೆಯುವ ಈ ಎರೆಭೂಮಿಯಲ್ಲಿ ಹಳ್ಳಗಳು ಮಾಘ ಮಾಸಕ್ಕೆ ಸೊರಗಿ, ಚೈತ್ರಕ್ಕೆ ಒಣಗಿ, ನೀರು ನದಿಯ ಆಳವಾದ ಮಡುಗಳಲ್ಲಿ ಮತ್ತು ಬಾವಿಗಳಲ್ಲಿ ಮಾತ್ರ ಉಳಿಯುತ್ತಿತ್ತು. ಉಳಿದ ಆ ನೀರೇ ಬೇಸಿಗೆಯಲ್ಲಿ ದನಕರುಗಳಿಗೂ ಮೀನುಗಳಿಗೂ ಮೀನು ಹಿಡಿಯುವ ಹಕ್ಕಿಗಳಿಗೂ ಆಸರೆ.

ಈ ನೀರನ್ನು ನಂಬಿದ ಮಿಂಚುಳ್ಳಿಗಳು ಮುಖ್ಯವಾಗಿ ಮೂರು ಬಗೆಯವು. ಮೊದಲನೆಯದು ಗುಬ್ಬಚ್ಚಿಗಿಂತ ತುಸು ದೊಡ್ಡದಾದ, ಸುಮಾರು 16 ಸೆಂಟಿಮೀಟರ್ ಉದ್ದದ ಕಿರು ನೀಲಿ ಮಿಂಚುಳ್ಳಿ. ನೀರಿನ ಮೇಲೆ ಬಾಗಿದ ಕೊಂಬೆಯ ಮೇಲೆ ಕುಳಿತು, ತಿಳಿನೀರಿನಲ್ಲಿ ಕಂಡ ಸಣ್ಣ ಮೀನಿನ ಮೇಲೆ ನೆಟ್ಟಗೆ ಎರಗುವುದು ಇದರ ರೀತಿ. ಎರಡನೆಯದು ಕಪ್ಪು ಬಿಳುಪು ಮಿಂಚುಳ್ಳಿ. ಇದು ನೀರಿನ ಮೇಲೆ ರೆಕ್ಕೆ ಬಡಿಯುತ್ತ ಒಂದೇ ಕಡೆ ತೇಲಿ ನಿಂತು, ಮೀನನ್ನು ಗುರುತಿಸಿ ಕಲ್ಲು ಬಿದ್ದಂತೆ ಕೆಳಗೆ ಬೀಳುತ್ತದೆ, ಮತ್ತು ವಿಶಾಲವಾದ ತೆರೆದ ನೀರನ್ನು ಬಿಟ್ಟು ಬದುಕಲಾರದು. ಮೂರನೆಯದಾದ ಬಿಳಿ ಎದೆಯ ಮಿಂಚುಳ್ಳಿ ಸುಮಾರು 28 ಸೆಂಟಿಮೀಟರ್ ಉದ್ದವಿದ್ದು, ಕಂದು ತಲೆ, ದಪ್ಪ ಕೆಂಪು ಕೊಕ್ಕು ಮತ್ತು ಹೊಳೆಯುವ ನೀಲಿ ರೆಕ್ಕೆಗಳಿಂದ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಮಿಡತೆ, ಕಪ್ಪೆ, ಹಲ್ಲಿ, ಏಡಿ, ಸಣ್ಣ ಇಲಿಗಳನ್ನೂ ತಿನ್ನಬಲ್ಲ ಇದು ನೀರಿನಿಂದ ಮೈಲುಗಟ್ಟಲೆ ದೂರದ ಹೊಲದ ಬದುವಿನಲ್ಲಿಯೂ ವಾಸಿಸುತ್ತದೆ. ಮೂರೂ ಮರದ ಮೇಲೆ ಗೂಡು ಕಟ್ಟುವುದಿಲ್ಲ. ಕಡಿದಾದ ಮಣ್ಣಿನ ದಡದಲ್ಲಿ ಕೊಕ್ಕಿನಿಂದ ಸುರಂಗ ಕೊರೆದು, ಅದರ ಕೊನೆಯ ಕೋಣೆಯಲ್ಲಿ ಬಿಳಿಯ ಗುಂಡು ಮೊಟ್ಟೆಗಳನ್ನಿಡುತ್ತವೆ. ಬೇಸಿಗೆಯಲ್ಲಿ ಬಿರುಕು ಬಿಡುವ ಎರೆಮಣ್ಣಿಗಿಂತ ನದಿ ತಂದು ಹಾಕಿದ ಮೆಕ್ಕಲುಮಣ್ಣಿನ ದಡವೂ ಹಳೆಯ ಬಾವಿಗಳ ಮಣ್ಣಿನ ಗೋಡೆಯೂ ಇಂತಹ ಸುರಂಗಕ್ಕೆ ತಕ್ಕ ಜಾಗಗಳು.

ಮನುಷ್ಯನಿಗೆ ಈ ಹಕ್ಕಿಯ ಪರಿಚಯ ಹಳೆಯದು. ಸಂಸ್ಕೃತ ಕೋಶಗಳು ಇದನ್ನು ಮೀನರಂಕ, ಮತ್ಸ್ಯರಂಕ ಎಂದು ಮೀನಿನೊಂದಿಗೆ ಕೂಡಿಸಿ ಹೆಸರಿಸಿದವು. ಆಳಂದದ ನೆರೆಯ ಮರಾಠಿ ನುಡಿಯಲ್ಲಿ ಇದು ಖಂಡ್ಯಾ, ಹಿಂದೂಸ್ತಾನಿಯಲ್ಲಿ ಕೂಗಿನ ಅನುಕರಣೆಯಿಂದ ಕಿಲ್‌ಕಿಲಾ. ಕನ್ನಡದ ಮಿಂಚುಳ್ಳಿ ಎಂಬ ಹೆಸರನ್ನು ಕೇಳಿದೊಡನೆ ಕಿವಿಗೆ ಬೀಳುವುದು ಮಿಂಚು. ಪ್ರಾಚೀನ ಗ್ರೀಕರಾದರೋ ಈ ಹಕ್ಕಿ ನಡುಚಳಿಗಾಲದಲ್ಲಿ ಕಡಲಿನ ಮೇಲೆಯೇ ಗೂಡು ತೇಲಿಬಿಡುತ್ತದೆ, ಅದಕ್ಕಾಗಿ ಹದಿನಾಲ್ಕು ದಿನ ಅಲೆಗಳು ಶಾಂತವಾಗುತ್ತವೆ ಎಂದು ನಂಬಿದ್ದರು. ಗೂಡು ನೆಲದೊಳಗಿನ ಸುರಂಗದಲ್ಲಿ ಅಡಗಿರುವುದರಿಂದ ಮತ್ತು ಹಕ್ಕಿ ಕೆಲವು ತಿಂಗಳು ಕಾಣದೆ ಹೋಗುವುದರಿಂದ ಹುಟ್ಟಿದ ಕಲ್ಪನೆ ಅದಾಗಿರಬಹುದು. ಕಾಣದ ಹಕ್ಕಿ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಕಥೆಯ ಬದಲು ಸಾಕ್ಷ್ಯವನ್ನು ಕೇಳುವ ಕಾಲ ಬಹಳ ತಡವಾಗಿ ಬಂದಿತು.

ದಖ್ಖನಿನ ಮಟ್ಟಿಗೆ ಆ ಕಾಲ ಹತ್ತೊಂಬತ್ತನೆಯ ಶತಮಾನದಲ್ಲಿ ಆರಂಭವಾಗುತ್ತದೆ. ಬೊಂಬಾಯಿ ಸರಕಾರವು 1824ರಲ್ಲಿ ಅಂಕಿಅಂಶಗಳ ಸಂಗ್ರಹಕ್ಕೆ ನೇಮಿಸಿದ ಸೈನ್ಯಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್, ಭೀಮೆಯ ಮೇಲ್ಗಣಿವೆಯೂ ಸೇರಿದಂತೆ ದಖ್ಖನಿನ ಪ್ರದೇಶಗಳಲ್ಲಿ ಸಂಚರಿಸಿ, ಅಲ್ಲಿ ಕಂಡ ಹಕ್ಕಿಗಳ ಪಟ್ಟಿಯನ್ನು 1832ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮೂಲಕ ಪ್ರಕಟಿಸಿದ. ಆ ಪಟ್ಟಿಯಲ್ಲಿ ಮಿಂಚುಳ್ಳಿಗಳಿಗೂ ಸ್ಥಾನವಿತ್ತು. ಮದರಾಸು ಸೇನೆಯ ವೈದ್ಯ ಥಾಮಸ್ ಜೆರ್ಡನ್ 1862ರಿಂದ ಹೊರತಂದ ಭಾರತದ ಹಕ್ಕಿಗಳ ಗ್ರಂಥವೂ, ಶತಮಾನದ ಕೊನೆಯಲ್ಲಿ ಬಂದ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲದ ಸಂಪುಟಗಳೂ ಈ ತಿಳಿವನ್ನು ವಿಸ್ತರಿಸಿದವು. ಕಲಬುರಗಿ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದುದರಿಂದ, ಇಡೀ ಸಂಸ್ಥಾನದ ಹಕ್ಕಿಗಳ ಕ್ರಮಬದ್ಧ ಅಧ್ಯಯನಕ್ಕೆ 1931–32ರವರೆಗೆ ಕಾಯಬೇಕಾಯಿತು. ಆಗ ಸಲೀಂ ಅಲಿ ಕೈಗೊಂಡ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆಯ ಫಲಿತಾಂಶ, ಹ್ಯೂ ವಿಸ್ಲರ್ ಅವರ ಟಿಪ್ಪಣಿಗಳೊಂದಿಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ 1933 ಮತ್ತು 1934ರಲ್ಲಿ ಕಂತುಕಂತಾಗಿ ಪ್ರಕಟವಾಯಿತು.

ಈ ಸಮೀಕ್ಷೆಗಳ ಬೆಲೆ ದೊಡ್ಡದು. ಆದರೆ ಅವುಗಳ ವಿಧಾನಕ್ಕೆ ಒಂದು ಮಿತಿಯಿತ್ತು. ಒಂದು ಊರಿನಲ್ಲಿ ಕೆಲವು ದಿನ ಬೀಡುಬಿಟ್ಟು ಮುಂದಿನ ಊರಿಗೆ ಸಾಗುವ ಸಂಗ್ರಾಹಕನು ಅಲ್ಲಿ ಮಿಂಚುಳ್ಳಿ ಇದೆ ಎಂದು ಬರೆಯಬಲ್ಲನೇ ಹೊರತು, ಆ ಹಕ್ಕಿ ಆರು ತಿಂಗಳ ನಂತರವೂ ಅಲ್ಲಿಯೇ ಇರುತ್ತದೆಯೇ ಎಂದು ಹೇಳಲಾರನು. ವರ್ಷವಿಡೀ ಹಕ್ಕಿ ಕಂಡರೂ, ಬೇಸಿಗೆಯಲ್ಲಿ ಕಂಡದ್ದು ಮತ್ತು ಚಳಿಗಾಲದಲ್ಲಿ ಕಂಡದ್ದು ಒಂದೇ ಹಕ್ಕಿ ಎನ್ನುವುದಕ್ಕೆ ಆಧಾರ ಬೇಕು. ಆ ಆಧಾರವನ್ನು ಒದಗಿಸಿದ್ದು ಉಂಗುರ ತೊಡಿಸುವ ಪದ್ಧತಿ. ಅಂದರೆ, ಹಿಡಿದ ಹಕ್ಕಿಯ ಕಾಲಿಗೆ ಕ್ರಮಾಂಕವುಳ್ಳ ಹಗುರವಾದ ಲೋಹದ ಬಳೆಯನ್ನು ಹಾಕಿ ಬಿಟ್ಟು, ಅದು ಮತ್ತೆ ಸಿಕ್ಕಿದ ಸ್ಥಳ ಮತ್ತು ದಿನವನ್ನು ದಾಖಲಿಸುವುದು. ಭಾರತದಲ್ಲಿ ಇದು 1927ರಲ್ಲಿ ಧಾರ್ ಸಂಸ್ಥಾನದ ನೆರವಿನಿಂದ ಆರಂಭವಾದರೂ, ದೊಡ್ಡ ಪ್ರಮಾಣದಲ್ಲಿ ಬೆಳೆಯಲು ಕಾರಣವಾದದ್ದು ಕರ್ನಾಟಕದ ಒಂದು ರೋಗ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಬಲಿತೆಗೆದುಕೊಂಡ ಮಂಗನ ಕಾಯಿಲೆಯ ವೈರಾಣು, ರಷ್ಯಾದಲ್ಲಿ ಉಣ್ಣೆಗಳಿಂದ ಹರಡುವ ಮಿದುಳಿನ ಉರಿಯೂತದ ವೈರಾಣುವಿಗೆ ಹತ್ತಿರವಿದ್ದುದರಿಂದ, ವಲಸೆ ಹಕ್ಕಿಗಳು ಅದನ್ನು ಹೊತ್ತು ತಂದಿರಬಹುದೇ ಎಂಬ ಸಂದೇಹ ಹುಟ್ಟಿತು. ಅದರ ಪರಿಣಾಮವಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಸಲೀಂ ಅಲಿಯವರ ಮುಂದಾಳ್ತನದಲ್ಲಿ, ಹಕ್ಕಿಗಳ ವಲಸೆಯ ವ್ಯಾಪಕ ಅಧ್ಯಯನ 1959ರ ಹೊತ್ತಿಗೆ ಆರಂಭಗೊಂಡಿತು.

ಜಗತ್ತಿನ ಬೇರೆಬೇರೆ ಕಡೆ ನಡೆದ ಇಂತಹ ಅಧ್ಯಯನಗಳು ಮಿಂಚುಳ್ಳಿಯ ಬಗ್ಗೆ ಒಂದು ಮಹತ್ವದ ಸಂಗತಿಯನ್ನು ತಿಳಿಸಿದವು. ಭೀಮೆಯ ದಡದ ಕಿರು ನೀಲಿ ಮಿಂಚುಳ್ಳಿಯ ಜಾತಿಯೇ ಯುರೋಪಿನಿಂದ ಸೈಬೀರಿಯಾದವರೆಗೂ ಹರಡಿದೆ. ಅಲ್ಲಿ ಚಳಿಗಾಲ ಬಂದೊಡನೆ ಕೆರೆತೊರೆಗಳು ಹೆಪ್ಪುಗಟ್ಟುತ್ತವೆ, ಹಿಮದ ಹಲಗೆಯ ಅಡಿಯಲ್ಲಿರುವ ಮೀನು ಹಕ್ಕಿಯ ಕೊಕ್ಕಿಗೆ ಎಟುಕುವುದಿಲ್ಲ. ಆದ್ದರಿಂದ ಸೈಬೀರಿಯಾದ ಮಿಂಚುಳ್ಳಿಗಳು ಕನಿಷ್ಠ 3000 ಕಿಲೋಮೀಟರ್ ದಕ್ಷಿಣಕ್ಕೆ, ಬಹುಮಟ್ಟಿಗೆ ರಾತ್ರಿಯಲ್ಲಿ, ಹಾರುತ್ತವೆ. ಹವೆ ಅಷ್ಟು ಕಠಿಣವಲ್ಲದ ಬ್ರಿಟನ್ನಿನಲ್ಲಿ ಅವು ಉಳಿದುಕೊಳ್ಳುತ್ತವೆಯಾದರೂ 1962–63ರಂತಹ ಭೀಕರ ಚಳಿಗಾಲದಲ್ಲಿ ಅಪಾರ ಸಂಖ್ಯೆಯಲ್ಲಿ ಸತ್ತವು. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ನೆಲೆಸಿದ ಉಪಜಾತಿಗೆ ಈ ಭಯವೇ ಇಲ್ಲ. ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಆದ್ದರಿಂದ ದೂರ ಹಾರುವ ಅಗತ್ಯವೂ ಇಲ್ಲ. ಕೊಂಕಣ ಮತ್ತು ಪಶ್ಚಿಮ ಘಟ್ಟದ ಕಾಡುತೊರೆಗಳಿಗೆ ಮುಂಗಾರಿನೊಂದಿಗೆ ಮರಿ ಮಾಡಲು ಬರುವ ಪುಟ್ಟ ಮೂರುಬೆರಳಿನ ಮಿಂಚುಳ್ಳಿಯಂತಹವು ಭಾರತದಲ್ಲಿಯೂ ಋತುಬದ್ಧವಾಗಿ ಸಂಚರಿಸುತ್ತವೆ. ಆದರೆ ಬಯಲುಸೀಮೆಯ ಮೂರು ಜಾತಿಗಳೂ ಸ್ಥಾಯಿ ಹಕ್ಕಿಗಳೇ. ಜೋಳದ ಹೊಲಗಳಿಗೆ ಚಳಿಗಾಲದಲ್ಲಿ ಮೋಡದಂತೆ ಇಳಿಯುವ ಗುಲಾಬಿ ಕಬ್ಬಕ್ಕಿಗಳು ಮಧ್ಯ ಏಷ್ಯಾದ ಕಡೆಯಿಂದ ಬರುವ ನಿಜವಾದ ವಲಸಿಗರು. ಮಿಂಚುಳ್ಳಿಯನ್ನು ಅವುಗಳ ಸಾಲಿಗೆ ಸೇರಿಸಲಾಗದು.

ಹಾಗೆಂದ ಮಾತ್ರಕ್ಕೆ ಭೀಮಾತೀರದ ಮಿಂಚುಳ್ಳಿ ಒಂದೇ ಕೊಂಬೆಗೆ ಅಂಟಿಕೊಂಡ ಹಕ್ಕಿಯಲ್ಲ. ಅದಕ್ಕೆ ವರ್ಷದಲ್ಲಿ ಎರಡು ಸಂಕಟದ ಕಾಲಗಳಿವೆ. ಬೇಸಿಗೆಯ ಕೊನೆಯಲ್ಲಿ ಹಳ್ಳಗಳು ಬತ್ತಿದಾಗ ಮೀನು ತಿನ್ನುವ ಎರಡು ಜಾತಿಗಳು ನೀರುಳಿದ ಮಡುಗಳಿಗೆ ಸೇರಬೇಕಾಗುತ್ತದೆ. ಮಳೆಗಾಲದ ನಡುವೆ ನದಿ ಕೆಂಪಾಗಿ ತುಂಬಿ ಹರಿದಾಗ, ಕಲಕಿದ ನೀರಿನಲ್ಲಿ ಮೀನು ಕಾಣದಂತಾಗಿ, ದಡದ ಸುರಂಗಗಳೂ ಮುಳುಗಿ, ಅವೇ ಹಕ್ಕಿಗಳು ನದಿಯನ್ನು ಬಿಟ್ಟು ಹೊಸದಾಗಿ ತುಂಬಿದ ಕೆರೆ, ಹಳ್ಳ, ತಗ್ಗುಗಳ ತಿಳಿನೀರಿಗೆ ಹರಡಿಕೊಳ್ಳುತ್ತವೆ. ನದಿಯ ದಡದಲ್ಲಿ ನಿಂತು ನೋಡುವವನಿಗೆ ಹಕ್ಕಿ ಮಳೆಗಾಲದಲ್ಲಿ ಎತ್ತಲೋ ಹೋಗಿ ಬೇಸಿಗೆಯಲ್ಲಿ ಬಂದಂತೆ ಕಾಣುತ್ತದೆ; ಆಳಂದದ ಹಳ್ಳದ ಬಳಿ ನಿಂತವನಿಗೆ ಅದು ಮಳೆಯೊಂದಿಗೆ ಬಂದು ಬೇಸಿಗೆಯಲ್ಲಿ ಹೋದಂತೆ ಕಾಣುತ್ತದೆ. ಇಬ್ಬರ ನೋಟವೂ ಸರಿ; ವಲಸೆ ಎಂಬ ತೀರ್ಮಾನ ಮಾತ್ರ ಇಬ್ಬರದೂ ತಪ್ಪು. ಮಿಡತೆ ಕಪ್ಪೆಗಳಿಂದಲೂ ಹೊಟ್ಟೆ ಹೊರೆಯಬಲ್ಲ ಬಿಳಿ ಎದೆಯ ಮಿಂಚುಳ್ಳಿಗೆ ಈ ಓಡಾಟ ಕಡಿಮೆ, ಆದ್ದರಿಂದಲೇ ಅದು ಹೊಲ, ಊರು ಮತ್ತು ಬಾವಿಗಳ ಬಳಿ ವರ್ಷವಿಡೀ ಕಾಣುತ್ತದೆ.

ಇಂತಹ ಹಕ್ಕಿಯ ನೆಲೆ ನೀರನ್ನು ಅವಲಂಬಿಸಿದ ಮೇಲೆ, ನೀರನ್ನು ಮನುಷ್ಯ ಬಳಸಿದ ಬಗೆಯೇ ಅದರ ಇತಿಹಾಸವನ್ನು ರೂಪಿಸಿತು. ಬಹಮನಿ ದೊರೆ ಫಿರೋಜ್ ಶಾಹನು 1400ರ ಸುಮಾರಿಗೆ ಕಲಬುರಗಿಯ ದಕ್ಷಿಣಕ್ಕೆ, ಜೇವರ್ಗಿ ಸೀಮೆಗೆ ಎದುರಾಗಿ, ಭೀಮೆಯ ದಡದಲ್ಲಿಯೇ ಫಿರೋಜಾಬಾದ್ ನಗರವನ್ನು ಕಟ್ಟಿಸಿದ್ದು ಈ ನದಿಯ ನೀರಿನ ಮೇಲಿದ್ದ ಭರವಸೆಗೆ ಸಾಕ್ಷಿ. ಅದೇ ಕಾಲದಲ್ಲಿ ದಖ್ಖನನ್ನು ಕಾಡಿದ ದುರ್ಗಾದೇವಿ ಬರವಾಗಲಿ, 1876–78ರ ಮಹಾಕ್ಷಾಮವಾಗಲಿ ಆ ಭರವಸೆಯ ಮಿತಿಗೆ ಸಾಕ್ಷಿ. ನದಿಯಿಂದ ದೂರದ ಊರುಗಳು ಬಾವಿಗಳನ್ನು ನಂಬಿದವು. ಎತ್ತು ಹೂಡಿ ತೊಗಲಿನ ಚೀಲದಿಂದ ನೀರೆತ್ತುತ್ತಿದ್ದ ತೆರೆದ ಬಾವಿಗಳು ತೋಟದ ಬೆಳೆಯೊಂದಿಗೆ ಕಪ್ಪೆ, ಮೀನು, ಕೀಟಗಳನ್ನೂ ಸಾಕಿದವು. ಕಲ್ಲು ಕಟ್ಟದೆ ಬಿಟ್ಟ ಅವುಗಳ ಮಣ್ಣಿನ ಗೋಡೆಗಳು ಮಿಂಚುಳ್ಳಿಗೆ ಗೂಡಾದವು. ನದಿಯ ಮಡುಗಳಲ್ಲಿ ಬಲೆ ಬೀಸಿ ಬದುಕಿದ ಕಬ್ಬಲಿಗರ ಪಾಲಿಗೂ ಮಿಂಚುಳ್ಳಿಯ ಪಾಲಿಗೂ ಬೇಸಿಗೆಯ ಆ ಮಡುಗಳು ಸಮಾನ ಆಸ್ತಿಯಾಗಿದ್ದವು.

ನೀರಿನ ಹೊರತಾಗಿ ಹಕ್ಕಿಯನ್ನು ಬಾಧಿಸಿದ್ದು ಗರಿಯ ವ್ಯಾಪಾರ. ಚೀನಾದಲ್ಲಿ ಮಿಂಚುಳ್ಳಿಯ ನೀಲಿ ಗರಿಗಳನ್ನು ಲೋಹದ ಆಭರಣಗಳಿಗೆ ಅಂಟಿಸಿ, ತಲೆಯ ಮುಡಿಪಿನ್ನು ಮತ್ತು ಬೀಸಣಿಗೆಗಳನ್ನು ಅಲಂಕರಿಸುವ ಕಲೆಯೊಂದು ಬಹುಕಾಲ ನಡೆಯಿತು; ಯುರೋಪಿನ ಹೆಂಗಸರ ಟೊಪ್ಪಿಗಳಿಗೂ ಹಕ್ಕಿಗಳ ಗರಿ ಬೇಕಾಯಿತು. ಈ ಬೇಡಿಕೆ ಭಾರತದ ಮಿಂಚುಳ್ಳಿ, ನೀಲಕಂಠ ಮತ್ತು ಬೆಳ್ಳಕ್ಕಿಗಳನ್ನು ಬಲಿ ಕೇಳಿದಾಗ, 1902ರಲ್ಲಿ ಹಕ್ಕಿಗಳ ಗರಿ ಮತ್ತು ಚರ್ಮದ ರಫ್ತಿಗೆ ನಿಷೇಧ ಬಂದಿತು; 1912ರ ಕಾಡುಹಕ್ಕಿ ಮತ್ತು ಪ್ರಾಣಿಗಳ ರಕ್ಷಣಾ ಕಾಯಿದೆಯ ಪಟ್ಟಿಯಲ್ಲಿ ಮಿಂಚುಳ್ಳಿಯ ಹೆಸರನ್ನೇ ಸೇರಿಸಲಾಯಿತು. ಆ ಕಾಯಿದೆ ಬ್ರಿಟಿಷ್ ಇಂಡಿಯಾಕ್ಕೆ ಸೀಮಿತವಾಗಿದ್ದು ನಿಜಾಮರ ಸೀಮೆಗೆ ನೇರವಾಗಿ ಅನ್ವಯಿಸಲಿಲ್ಲ. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನಗೊಂಡು, 1956ರಲ್ಲಿ ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿದ ನಂತರ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಇಲ್ಲಿನ ಮಿಂಚುಳ್ಳಿಗೂ ದೇಶದ ಉಳಿದ ಕಡೆಯ ಮಿಂಚುಳ್ಳಿಗೂ ಒಂದೇ ಕಾನೂನಿನ ಕಾವಲು ದೊರೆಯಿತು.

ಅಷ್ಟರಲ್ಲಿ ನೀರಿನ ಕಥೆಯೇ ಬೇರೆ ತಿರುವು ಪಡೆದಿತ್ತು. ಸೋಲಾಪುರ ಜಿಲ್ಲೆಯಲ್ಲಿ ಭೀಮೆಗೆ ಅಡ್ಡಲಾಗಿ ಕಟ್ಟಿದ, ಸುಮಾರು 117 ಟಿಎಂಸಿ ನೀರು ಹಿಡಿಯುವ ಉಜನಿ ಅಣೆಕಟ್ಟು 1980ರಲ್ಲಿ ಪೂರ್ಣಗೊಂಡಿತು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಅಂದಿನಿಂದ ಅಫಜಲಪುರ ಮತ್ತು ಜೇವರ್ಗಿಯ ನದಿಪಾತ್ರ ಬೇಸಿಗೆಯಲ್ಲಿ ಮಳೆಗಿಂತ ಹೆಚ್ಚಾಗಿ ಮೇಲಿನ ಅಣೆಕಟ್ಟಿನ ಬಾಗಿಲನ್ನು ಅವಲಂಬಿಸಿತು. ಬಿಟ್ಟರೆ ಹರಿವು, ಮುಚ್ಚಿದರೆ ಮರಳು. 2020ರ ಅಕ್ಟೋಬರಿನಲ್ಲಿ ಭಾರೀ ಮಳೆಯೊಂದಿಗೆ ಉಜನಿಯ ನೀರೂ ಸೇರಿ ಬಂದ ಮಹಾಪೂರವು ಭೀಮೆಯ ಎರಡೂ ದಡಗಳ ಊರುಗಳನ್ನು ನಡುಗಿಸಿತು. ಮಿಂಚುಳ್ಳಿ ಸಾವಿರಾರು ವರ್ಷಗಳಿಂದ ಹೊಂದಿಕೊಂಡಿದ್ದುದು ಋತುವಿನ ಲಯಕ್ಕೆ. ಬಾಗಿಲಿನ ಲಯಕ್ಕೆ ಹೊಂದಿಕೊಳ್ಳಬೇಕಾದದ್ದು ಈಚಿನ ನಾಲ್ಕು ದಶಕಗಳಲ್ಲಿ ಮಾತ್ರ.

ಇನ್ನೊಂದೆಡೆ, ನೀರಿಲ್ಲದ ಕಡೆ ನೀರು ನಿಂತ ಉದಾಹರಣೆಗಳೂ ಇವೆ. ಆಳಂದ ತಾಲ್ಲೂಕಿನ ಕೊರಳ್ಳಿಯ ಬಳಿ ಅಮರ್ಜಾ ನದಿಗೆ ಕಟ್ಟಿದ ಅಣೆಕಟ್ಟು, ಅಫಜಲಪುರ ತಾಲ್ಲೂಕಿನ ಸೊನ್ನ ಗ್ರಾಮದಲ್ಲಿ ಏತ ನೀರಾವರಿಗಾಗಿ ಸುಮಾರು 3 ಟಿಎಂಸಿ ನೀರು ನಿಲ್ಲಿಸುವ ಭೀಮಾ ಬ್ಯಾರೇಜು, ಘತ್ತರಗಿ ಮತ್ತು ಗಾಣಗಾಪುರದ ಬಳಿಯ ಸೇತುವೆ ಸಹಿತ ಬ್ಯಾರೇಜುಗಳು ಬೇಸಿಗೆಯಲ್ಲಿಯೂ ವಿಶಾಲವಾದ ನೀರಿನ ಹರವನ್ನು ಉಳಿಸಬಲ್ಲವು. ಬ್ಯಾರೇಜು ಎಂದರೆ ಬಾಗಿಲುಗಳಿಂದ ನದಿಯ ಮಟ್ಟವನ್ನು ಏರಿಸಿ ನೀರು ನಿಲ್ಲಿಸುವ ತಗ್ಗಿನ ಕಟ್ಟೆ. ಇಂತಹ ಹಿನ್ನೀರು ತೇಲಿ ಬೇಟೆಯಾಡುವ ಕಪ್ಪು ಬಿಳುಪು ಮಿಂಚುಳ್ಳಿಗೆ ಒಗ್ಗುತ್ತದೆ. ಜೇವರ್ಗಿಗೆ ನೀರು ಬಂದದ್ದು ಅದರ ಉತ್ತರದ ಗಡಿಯಾದ ಭೀಮೆಯೊಂದರಿಂದಲೇ ಅಲ್ಲ. 1982ರಲ್ಲಿ ಮುಗಿದ ನಾರಾಯಣಪುರ ಅಣೆಕಟ್ಟಿನ ಕಾಲುವೆ ಜಾಲದ ಜೇವರ್ಗಿ ಶಾಖಾ ಕಾಲುವೆಯ ಮೂಲಕ ದಕ್ಷಿಣದಿಂದ ಕೃಷ್ಣೆಯೂ ಬಂದಳು. ಮಣ್ಣಿನ ಏರಿಯ ಕಾಲುವೆ, ಅದರ ಸೋರಿಕೆಯಿಂದ ನಿಂತ ಹೊಂಡ ಮತ್ತು ಹಸಿಯಾದ ಹೊಲಗಳು ಮಿಂಚುಳ್ಳಿಗೆ ಹಿಂದೆಂದೂ ಇಲ್ಲದ ದಾರಿಗಳನ್ನು ತೆರೆಯಬಲ್ಲವು.

ಗಳಿಕೆ ಮತ್ತು ನಷ್ಟವನ್ನು ತೂಗುವಾಗ ಗೂಡಿನ ಜಾಗವನ್ನು ಮರೆಯಬಾರದು. ಭೀಮೆಯ ಮರಳನ್ನು ಬಗೆದು ಸಾಗಿಸುವ ದಂಧೆ ನದಿಪಾತ್ರವನ್ನು ತಗ್ಗಿಸಿ ದಡಗಳನ್ನು ಕುಸಿಯುವಂತೆ ಮಾಡಿದೆ. ಕೊಳವೆಬಾವಿಗಳು ಬಂದ ಮೇಲೆ ತೆರೆದ ಬಾವಿಗಳು ಬತ್ತಿ, ಕಸ ತುಂಬಿ ಮುಚ್ಚಿಹೋಗಿವೆ. ಕಾಲುವೆಗಳಿಗೆ ಕಾಂಕ್ರೀಟಿನ ಹೊದಿಕೆ ಹಾಕಿದ ಕಡೆ ಸುರಂಗ ಕೊರೆಯಲು ಮಣ್ಣಿಲ್ಲ. ಹೊಲಕ್ಕೆ ಸಿಂಪಡಿಸಿದ ಕೀಟನಾಶಕ ಮಿಡತೆಯನ್ನೂ ಕಪ್ಪೆಯನ್ನೂ ಕೊಂದು, ಅವನ್ನು ನಂಬಿದ ಬಿಳಿ ಎದೆಯ ಮಿಂಚುಳ್ಳಿಯ ಊಟವನ್ನು ಕಸಿಯುತ್ತದೆ. ವಲಸೆ ಹಕ್ಕಿಗೆ ಒಂದು ನಾಡು ಕೈಕೊಟ್ಟರೆ ಸ್ವಲ್ಪ ದಿನ ತಂಗಲು ಮತ್ತೊಂದು ನಾಡು ಇರಬಹುದು. ಈ ಮಣ್ಣಿನಲ್ಲಿಯೇ ಹುಟ್ಟಿ ಈ ಮಣ್ಣಿನಲ್ಲಿಯೇ ಮರಿ ಮಾಡುವ ಸ್ಥಾಯಿ ಹಕ್ಕಿಗೆ ಆ ಅವಕಾಶವಿಲ್ಲ. ಬರ ಬಿದ್ದಾಗ ಗುಳೆ ಹೋದ ಕುಟುಂಬಗಳು ಮಳೆ ಬಂದ ಮೇಲೆ ಮರಳಿ ತಮ್ಮ ಮನೆಯ ಬಾಗಿಲು ತೆರೆದಂತೆ, ಮಿಂಚುಳ್ಳಿಯೂ ನೀರು ಬಂದೊಡನೆ ತನ್ನ ದಡಕ್ಕೆ ಮರಳುತ್ತದೆ; ಮರಳಿದಾಗ ದಡ ಉಳಿದಿರಬೇಕು, ಅಷ್ಟೆ.

ಆದ್ದರಿಂದ ಈ ಸೀಮೆಯ ಮಿಂಚುಳ್ಳಿ ವಲಸೆ ಹಕ್ಕಿಯಲ್ಲ, ನೀರಿನ ಹಿಂದೆ ಊರೊಳಗೇ ತಿರುಗುವ ನೆಲೆಯ ಹಕ್ಕಿ ಎಂಬುದೇ ತೀರ್ಮಾನ. ಈ ತೀರ್ಮಾನ ಇಲ್ಲಿನ ಜನರ ಮೇಲೆ ಒಂದು ಹೊಣೆಯನ್ನೂ ಹೊರಿಸುತ್ತದೆ. ಕೊರಳ್ಳಿಯ ಹಿನ್ನೀರು, ಗಾಣಗಾಪುರದ ಸಂಗಮ, ಸೊನ್ನದ ಬ್ಯಾರೇಜು, ಜೇವರ್ಗಿ ತಾಲ್ಲೂಕಿನಲ್ಲಿ ಭೀಮೆಯ ಮೇಲಿರುವ ಕಟ್ಟಿಸಂಗಾವಿಯ ಸೇತುವೆ ಎಂಬ ನಾಲ್ಕು ಸ್ಥಳಗಳಲ್ಲಿ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಮಿಂಚುಳ್ಳಿಗಳನ್ನು ಎಣಿಸಿ, ನೀರಿನ ಮಟ್ಟದೊಂದಿಗೆ ಬರೆದಿಟ್ಟರೆ, ಬೀಡುಬಿಟ್ಟು ಸಾಗುತ್ತಿದ್ದ ಹಿಂದಿನ ಸಮೀಕ್ಷಕರಿಗೆ ಸಾಧ್ಯವಾಗದ ಹನ್ನೆರಡು ತಿಂಗಳ ದಾಖಲೆ ಊರವರ ಕೈಯಿಂದಲೇ ಸಿದ್ಧವಾಗುತ್ತದೆ. ಅದರೊಂದಿಗೆ ನದಿಯ ಮಣ್ಣಿನ ದಡವನ್ನು ಮರಳಿನ ಲಾರಿಗಳಿಂದ ಉಳಿಸುವುದು ಮತ್ತು ಪಾಳುಬಿದ್ದ ಒಂದೊಂದು ತೆರೆದ ಬಾವಿಯ ಹೂಳನ್ನಾದರೂ ತೆಗೆಯುವುದು ಮೂರೂ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳು ಇಂದೇ ಆರಂಭಿಸಬಹುದಾದ, ಆರಂಭಿಸಲೇಬೇಕಾದ ಕೆಲಸ.